ದೊಡ್ಡ ರೋಗ ಹೋದ ದಾರಿ

ಈ ಸಲ ಕೋಟೆ ಇಲ್ಲ, ರಾಜರಿಲ್ಲ. ಒಂದು ದನದ ರೋಗದ ಇತಿಹಾಸ. ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಿಬಿಡ್ತೀನಿ.

ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಎರಡು ವರ್ಷದಿಂದ ಬಿಡುವಿದ್ದ ಶನಿವಾರ ಒಂದು ಸಂಚಾರಿ ಪಶು ಚಿಕಿತ್ಸಾ ತಂಡದ ಜೊತೆ ಹಳ್ಳಿಗಳಿಗೆ ಹೋಗ್ತೀನಿ. ಎಂಟೆಕ್ ಓದಿದ್ದು ಅಲ್ಲಿ ಯಾವುದಕ್ಕೂ ಬರಲ್ಲ. ಕುರಿ ಹಿಡಿಯೋದು, ಚುಚ್ಚಿದ ಕುರಿಗೆ ಬಣ್ಣ ಹಚ್ಚೋದು, ಲೆಕ್ಕ ಬರೆಯೋದು, ಐಸ್ ಪೆಟ್ಟಿಗೆ ಕಾಯೋದು, ಇಷ್ಟೇ ನನ್ನ ಕೆಲಸ. ಹೋದ ವರ್ಷ ದೀಪಾವಳಿಗೆ ಮುಂಚೆ ಜೇಜುರಿ ಆಚೆ ಧನಗರರ ಬಿಡಾರಕ್ಕೆ ಹೋಗಿದ್ವಿ. (ನಮ್ಮ ಮೈಲಾರಲಿಂಗನೇ ಜೇಜುರಿಯ ಖಂಡೋಬ. ರಾಣೆಬೆನ್ನೂರು ಕಡೆಯ ನನಗೆ ಅದು ಪರಊರು ಅನ್ಸೋದೇ ಇಲ್ಲ.) ಹಬ್ಬ ಮುಗಿದ ಮೇಲೆ ಅವರು ಘಾಟಿ ಇಳಿದು ಕೊಂಕಣಕ್ಕೆ ಹೋಗ್ತಾರೆ. ಅಷ್ಟರೊಳಗೆ ಕುರಿಗಳಿಗೆ ಪಿಪಿಆರ್ ಲಸಿಕೆ ಹಾಕಬೇಕಿತ್ತು.

ಈ ಲಸಿಕೆಯಲ್ಲಿ ಇರೋದು ಬಲ ಕುಂದಿಸಿದ ಜೀವಂತ ವೈರಸ್. ಪುಡಿಯನ್ನ ದ್ರಾವಣದಲ್ಲಿ ಕಲಸಿದ ಮೇಲೆ ಐಸ್ ಮೇಲೇ ಇಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ನಾನು ಮೊಬೈಲಲ್ಲಿ ಪಟ್ಟಿ ತುಂಬೋ ಗಡಿಬಿಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕಲೇ ಇಲ್ಲ. ನೋಡೋ ಹೊತ್ತಿಗೆ ಐಸ್ ನೀರಾಗಿ, ಬಾಟಲಿಗಳು ಬೆಚ್ಚಗಾಗಿದ್ದವು. ಡಾಕ್ಟರು ಬೈಯಲಿಲ್ಲ. ನೂರು ಡೋಸಿನ ಎರಡು ಬಾಟಲಿ ಪಕ್ಕಕ್ಕಿಟ್ಟು, “ಇದನ್ನ ಹಾಕಿದ್ರೆ ಹಾಕಿದ ಹಾಗೆ ಕಾಣುತ್ತೆ, ಅಷ್ಟೇ” ಅಂದ್ರು. ಬಣ್ಣ ಇಲ್ಲದ ಕುರಿಗಳು ಒಂದು ಕಡೆ ಹಾಗೇ ನಿಂತಿದ್ದವು.

ಈ ಪಿಪಿಆರ್‌ಗೆ ಹತ್ತಿರದ ಸಂಬಂಧಿಯೇ ದನಗಳ ದೊಡ್ಡ ರೋಗ, ಅಂದ್ರೆ ರಿಂಡರ್‌ಪೆಸ್ಟ್. ನನ್ನಜ್ಜ ‘ದೊಡ್ಡ ಬ್ಯಾನಿ’ ಅಂತಿದ್ರು. ಜ್ವರ, ಕಣ್ಣು ಮೂಗಲ್ಲಿ ಸೋರಿಕೆ, ಬಾಯಿಹುಣ್ಣು, ಆಮೇಲೆ ಭೇದಿ. ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ. ಮದುವೆಯಾದ ಹೊಸದರಲ್ಲಿ ಅಜ್ಜನ ಜೋಡೆತ್ತು ಹೀಗೇ ಹೋದವು. ಆ ವರ್ಷ ಸ್ವಂತ ಹೊಲವನ್ನ ಪಾಲಿಗೆ ಕೊಟ್ಟು, ಅಜ್ಜ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದ್ರು.

ಬ್ರಿಟಿಷ್ ಸರ್ಕಾರಕ್ಕೆ ಪಶುವೈದ್ಯ ಅಂದ್ರೆ ಮೊದಲು ಸೈನ್ಯದ ಕುದುರೆ. ದನದ ವಿಷಯಕ್ಕೆ ಬಂದಿದ್ದು ತಡವಾಗಿ. ದನಗಳ ಪಿಡುಗಿನ ಬಗ್ಗೆ ನೇಮಿಸಿದ ಆಯೋಗದ ವರದಿ 1871ರಲ್ಲಿ ಬಂತು. ಪ್ರಯೋಗಾಲಯ ಶುರುವಾಗೋಕೆ 1889 ಆಯ್ತು. ಎಲ್ಲಿ ಗೊತ್ತಾ? ಇದೇ ಪುಣೆಯಲ್ಲಿ, ಆಗಿನ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಈಗ ಸಿಓಇಪಿ ಅಂತೀವಲ್ಲ, ಅದೇ. ನಾನು ವರ್ಷಗಟ್ಟಲೆ ಅದರ ಮುಂದೆ ಟ್ರಾಫಿಕ್‌ನಲ್ಲಿ ನಿಂತಿದ್ದೀನಿ, ಒಂದು ದಿನವೂ ಗೊತ್ತಿರಲಿಲ್ಲ. ಜನದಟ್ಟಣೆಯ ಊರಲ್ಲಿ ಇಂಥ ರೋಗಾಣು ಇಟ್ಟುಕೊಂಡು ಕೆಲಸ ಮಾಡೋದು ಅಪಾಯ ಅಂತ 1893ರಲ್ಲಿ ಅದನ್ನ ಕುಮಾವ್ ಬೆಟ್ಟದ ಮುಕ್ತೇಶ್ವರಕ್ಕೆ ಸಾಗಿಸಿದ್ರು.

ಅಲ್ಲಿ ಮೊದಲು ತಯಾರಿಸಿದ್ದು ಸೀರಮ್. ಅದರ ರಕ್ಷಣೆ ಕೆಲವೇ ದಿನ. 1920ರ ದಶಕದಲ್ಲಿ ಎಡ್ವರ್ಡ್ಸ್ ಅನ್ನೋ ವಿಜ್ಞಾನಿ ವೈರಸ್ಸನ್ನ ಮೇಕೆಯಿಂದ ಮೇಕೆಗೆ ನೂರಾರು ಸಲ ದಾಟಿಸಿ, ದನವನ್ನ ಕೊಲ್ಲದ ಹಾಗೆ ಪಳಗಿಸಿದ್ರು. ಅದೇ ಮೇಕೆ ಲಸಿಕೆ. ಅದೇ ದಶಕದಲ್ಲಿ ನಮ್ಮ ಹೆಬ್ಬಾಳದಲ್ಲೂ ಮೈಸೂರು ಸೀರಮ್ ಸಂಸ್ಥೆ ಹುಟ್ಟಿತು. ಫ್ಲೈಓವರ್‌ಗಿಂತ ಮುಂಚೆಯೂ ಹೆಬ್ಬಾಳಕ್ಕೆ ಒಂದು ಹೆಸರಿತ್ತು ಸ್ವಾಮಿ.

ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರು. ಗುರಿ 80 ಶೇಕಡಾ ದನಗಳು. ಊರೂರಿಗೆ ಲಸಿಕೆ ತಂಡಗಳು ಹೋದವು. ನನಗೆ ಈ ಕಥೆಯಲ್ಲಿ ದೊಡ್ಡವರು ಅಂದ್ರೆ ಅವರೇ. ವಿಜ್ಞಾನಿಗಳ ಹೆಸರು ಪುಸ್ತಕದಲ್ಲಿದೆ, ಬಿಸಿಲಲ್ಲಿ ಐಸ್ ಕಾಯ್ದವರ ಹೆಸರು ಎಲ್ಲೂ ಇಲ್ಲ. ರೋಗ ಬಹಳ ತಗ್ಗಿತು, ಆದ್ರೆ ಉಳಿದ ದನಗಳಲ್ಲಿ ಮತ್ತೆ ಮತ್ತೆ ತಲೆ ಎತ್ತಿತು. 1990ರ ದಶಕದಲ್ಲಿ ದಾರಿ ಬದಲಾಯಿಸಿ, ರೋಗ ಎಲ್ಲಿ ಅಡಗಿದೆ ಅಂತ ಹುಡುಕಿ ಹುಡುಕಿ ಹೊಡೆದ್ರು. ಭಾರತದ ಕೊನೆಯ ಪ್ರಕರಣ 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಮುಕ್ತ ಅಂತ ಘೋಷಣೆ ಆಯ್ತು. ಮನುಷ್ಯ ಪೂರ್ತಿ ಅಳಿಸಿದ ರೋಗಗಳು ಎರಡೇ, ಸಿಡುಬು ಮತ್ತು ಇದು. ಅಜ್ಜನಿಗೆ ಈ ಸುದ್ದಿ ಹೇಳಿದಾಗ, “ನಮ್ಮ ಎತ್ತು ಹೋದ ಮ್ಯಾಲೆ ಹೋತೇನು?” ಅಂದು ಸುಮ್ಮನಾದ್ರು.

ಪಿಪಿಆರ್ ಮಾತ್ರ ಉಳಿದಿದೆ. 1987ರಲ್ಲಿ ತಮಿಳುನಾಡಿನಲ್ಲಿ ಅದನ್ನ ಗುರುತಿಸೋವರೆಗೂ ಕುರಿ ಮೇಕೆಯಲ್ಲಿ ಬಂದದ್ದನ್ನೂ ದೊಡ್ಡ ರೋಗ ಅಂತಲೇ ಅಂದುಕೊಳ್ತಿದ್ರು. ಅದಕ್ಕೆ ಈಗ ಹಾಕೋ ಲಸಿಕೆ ಕೂಡ ಮುಕ್ತೇಶ್ವರದಲ್ಲೇ ತಯಾರಾದದ್ದು. 2030ರೊಳಗೆ ಅದನ್ನೂ ತೊಲಗಿಸೋದು ಅಂತಾರಾಷ್ಟ್ರೀಯ ಗುರಿ.

ಹೊಸ ಬಾಟಲಿ ತಗೊಂಡು ನಾವು ಎರಡು ವಾರ ಬಿಟ್ಟು ಹೋದಾಗ ಬಿಡಾರ ಇರಲಿಲ್ಲ. ಒಲೆಯ ಕಲ್ಲು, ಹಿಕ್ಕೆ, ಅಷ್ಟೇ. ಈ ವರ್ಷ ಮಳೆಗೆ ಅವರು ವಾಪಸ್ ಬಂದ ಮೇಲೆ ಹುಡುಕಿಕೊಂಡು ಹೋದೆ. “ಎಷ್ಟು ಹೋದವು ಬಾಬಾ?” ಅಂತ ಅಜ್ಜನ ವಯಸ್ಸಿನ ಆ ಕುರಿಗಾರರನ್ನ ಕೇಳಿದೆ. ಹನ್ನೊಂದು ಅಂದ್ರು. ಯಾವ ರೋಗಕ್ಕೆ ಅಂತ ಪರೀಕ್ಷೆ ಮಾಡಿದವರಿಲ್ಲ. ನನ್ನ ತಪ್ಪಿನ ಬಗ್ಗೆ ಹರಕು ಮರಾಠಿಯಲ್ಲಿ ಹೇಳೋಕೆ ಹೋದೆ. ಅವರು ಪೂರ್ತಿ ಕೇಳಲಿಲ್ಲ. ಐಸ್ ಪೆಟ್ಟಿಗೆಯನ್ನ ತಾವೇ ಎತ್ತಿ ಬೇವಿನ ಮರದ ನೆರಳಿಗಿಟ್ಟು, ಮೊಮ್ಮಗನನ್ನ ಕರೆದು ಮುಚ್ಚಳದ ಮೇಲೆ ಕೂರಿಸಿದ್ರು.