ಮಳಿಗೆ ಕಟ್ಟಿದ್ದಾಯ್ತು, ಬಾಡಿಗೆದಾರ ಎಲ್ಲಿ? ಸಣ್ಣ ಮಾಲೀಕರ ಹತ್ತು ಪ್ರಶ್ನೆಗಳಿಗೆ ಉತ್ತರ

ಬಿಳಿಗೆರೆ: ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ವರ್ಷ ರಸ್ತೆ ಪಕ್ಕ ಎರಡು ಮಳಿಗೆ ಕಟ್ಟೋದು, ನಿವೃತ್ತಿ ದುಡ್ಡಲ್ಲಿ ತಿಪಟೂರಿನಲ್ಲಿ ಒಂದು ಸೈಟು ತಗೊಳ್ಳೋದು ನಮ್ಮ ಕಡೆ ಹೊಸದೇನಲ್ಲ. ಕಟ್ಟಡ ಎದ್ದ ಮೇಲೆ ಶುರುವಾಗುತ್ತೆ ನಿಜವಾದ ತಲೆನೋವು. ಷಟರ್ ಮುಚ್ಚಿಕೊಂಡೇ ಆರು ತಿಂಗಳು ಕಳೆಯುತ್ತೆ, ಬಂದ ಬಾಡಿಗೆದಾರ ಬಿಡಲ್ಲ ಅಂತಾನೆ, ಮಾರೋಣ ಅಂದ್ರೆ ಖಾತೆ ಸರಿಯಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಭಾಗದ ಸಣ್ಣ ಮಾಲೀಕರು ಮತ್ತು ಅಂಗಡಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದ್ದೇವೆ. ಕತ್ತರಿಸಿ ಇಟ್ಟುಕೊಳ್ಳಿ.

1. ಬಾಡಿಗೆ ಇಳಿಸಲಾ, ಕಾಯಲಾ?

ಲೆಕ್ಕ ಹಾಕಿ ನೋಡಿ. ನಿಮ್ಮ ಮಳಿಗೆಗೆ 6,000 ರೂಪಾಯಿ ಕೇಳ್ತಿದ್ದೀರಿ, ಬಂದವರು 5,500 ಅಂತಾರೆ ಅಂದುಕೊಳ್ಳಿ. ಒಪ್ಪಿದರೆ ವರ್ಷಕ್ಕೆ 6,000 ನಷ್ಟ. ಒಪ್ಪದೆ ಒಂದು ತಿಂಗಳು ಖಾಲಿ ಬಿಟ್ಟರೂ ಅದೇ 6,000 ನಷ್ಟ. ಎರಡನೇ ತಿಂಗಳೂ ಖಾಲಿ ಉಳಿದರೆ ನಷ್ಟ ಎರಡರಷ್ಟು. ಹಾಗಂತ ಯಾರು ಬಂದರೂ ಕೊಡಿ ಅಂತಲ್ಲ. ಮೊದಲ ವರ್ಷ 5,500, ಮುಂದಿನ ವರ್ಷದಿಂದ ಶೇ 5 ಹೆಚ್ಚಳ ಅಂತ ಕರಾರಿನಲ್ಲೇ ಬರೆಸಿದರೆ ಇಬ್ಬರಿಗೂ ಒಳ್ಳೆಯದು.

2. ‘ಟು ಲೆಟ್’ ಬೋರ್ಡು ಹಾಕಿದ್ದೀವಿ, ಯಾರೂ ಕೇಳ್ತಿಲ್ಲ?

ಬೋರ್ಡಿನಲ್ಲಿ ಬರೀ ಫೋನ್ ನಂಬರ್ ಇದ್ದರೆ ಸಾಲದು. ಎಷ್ಟು ಅಡಿ ಅಗಲ, ಎಷ್ಟು ಅಡಿ ಉದ್ದ, ಪ್ರತ್ಯೇಕ ಕರೆಂಟ್ ಮೀಟರ್ ಇದೆಯಾ, ನೀರು ಮತ್ತು ಶೌಚಾಲಯ ಇದೆಯಾ, ಲಗೇಜ್ ಆಟೋ ಬಾಗಿಲವರೆಗೆ ಬರುತ್ತಾ ಅನ್ನೋದನ್ನು ಬರೆಯಿರಿ. ಹಗಲು ಬೆಳಕಲ್ಲಿ ಷಟರ್ ತೆಗೆದು ಒಳಗಿನ ಫೋಟೊ, ಎದುರಿನ ರಸ್ತೆಯ ಫೋಟೊ ತೆಗೆದು ಊರಿನ ವಾಟ್ಸ್‌ಆಪ್ ಗುಂಪುಗಳಿಗೆ ಹಾಕಿ. ಅದಕ್ಕಿಂತ ಮುಖ್ಯ, ಅಕ್ಕಪಕ್ಕದ ಅಂಗಡಿಯವರಿಗೆ ಹೇಳಿ. ಜಾಗ ಹುಡುಕುವವರು ಮೊದಲು ಕೇಳೋದು ಅವರನ್ನೇ.

ಯಾರಿಗೆ ಬೇಕಾದ ಜಾಗ ಅಂತಲೂ ಯೋಚಿಸಿ. ಕಾಲೇಜು ಹತ್ತಿರದ ಮನೆಗೆ ವಿದ್ಯಾರ್ಥಿಗಳು ಬರೋದು ಶೈಕ್ಷಣಿಕ ವರ್ಷದ ಶುರುವಿನಲ್ಲಿ, ಅದಕ್ಕೆ ಮುಂಚೆಯೇ ಸುಣ್ಣಬಣ್ಣ ಮುಗಿದಿರಬೇಕು. ಕೊಬ್ಬರಿ ಗೋದಾಮಿಗೆ ಕೊಡೋದಾದರೆ ನೆಲ ಒಣಗಿರಬೇಕು, ಗಾಳಿ ಆಡಬೇಕು, ಲಾರಿ ತಿರುಗಬೇಕು. ತೇವ ಹಿಡಿಯುವ ಗೋಡೆ ಇದ್ದರೆ ಕೊಬ್ಬರಿ ವ್ಯಾಪಾರಿ ಎರಡನೇ ಸಲ ಬರಲ್ಲ.

3. ಹನ್ನೊಂದು ತಿಂಗಳ ಕರಾರು ಯಾಕೆ?

ಒಂದು ವರ್ಷಕ್ಕೆ ಮೀರಿದ ಬಾಡಿಗೆ ಅಥವಾ ಲೀಸ್ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. 1908ರ ನೋಂದಣಿ ಕಾಯ್ದೆ ಹೇಳುವುದು ಅದನ್ನೇ. ಅದಕ್ಕೇ ಎಲ್ಲರೂ 11 ತಿಂಗಳು ಬರೆಸ್ತಾರೆ. ಮೂರು ವರ್ಷಕ್ಕೆ ಅಂತ ಬರೆದು ನೋಂದಣಿ ಮಾಡಿಸದೆ ಬಿಟ್ಟರೆ, ಜಗಳ ಬಂದಾಗ ಆ ಮೂರು ವರ್ಷದ ಷರತ್ತನ್ನು ಕೋರ್ಟಿನಲ್ಲಿ ಸಾಬೀತು ಮಾಡೋದು ಕಷ್ಟ. ಒಳಾಂಗಣಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವ ಅಂಗಡಿಯವರು ನೋಂದಾಯಿತ ಕರಾರನ್ನೇ ಕೇಳಿ ಪಡೆಯಿರಿ. ಇಲ್ಲದಿದ್ದರೆ ನಾಳೆ ಖಾಲಿ ಮಾಡಿ ಅಂದಾಗ ನಿಮ್ಮ ಕೈಯಲ್ಲಿ ಏನೂ ಇರಲ್ಲ.

4. ಹನ್ನೆರಡು ವರ್ಷ ಇದ್ದರೆ ಅಂಗಡಿ ಬಾಡಿಗೆದಾರನದ್ದೇ ಆಗುತ್ತಂತೆ, ನಿಜವಾ?

ಇಲ್ಲ. ಈ ಭಯಕ್ಕೇ ಎಷ್ಟೋ ಮಂದಿ ಮನೆ ಖಾಲಿ ಇಟ್ಟುಕೊಂಡಿದ್ದಾರೆ. ಹನ್ನೆರಡು ವರ್ಷದ ಮಾತು ಬರೋದು ಮಾಲೀಕನ ಹಕ್ಕನ್ನೇ ಒಪ್ಪದೆ, ಬಹಿರಂಗವಾಗಿ ಅನುಭವದಲ್ಲಿ ಇಟ್ಟುಕೊಂಡವರ ವಿಷಯದಲ್ಲಿ. ಬಾಡಿಗೆ ಕೊಟ್ಟುಕೊಂಡು ಇರುವವನು ನಿಮ್ಮನ್ನು ಮಾಲೀಕ ಅಂತ ಒಪ್ಪಿಕೊಂಡೇ ಇರ್ತಾನೆ. ಆದರೆ ಅದಕ್ಕೆ ದಾಖಲೆ ಬೇಕು. ಕರಾರು ನವೀಕರಿಸದೆ, ರಸೀದಿ ಕೊಡದೆ, ಕೈಯಿಂದ ಕೈಗೆ ನಗದು ತಗೊಂಡು ಹದಿನೈದು ವರ್ಷ ಕಳೆದರೆ ತೊಂದರೆ ನಿಮಗೇ. ಬಾಡಿಗೆ ಬ್ಯಾಂಕ್ ಖಾತೆಗೆ ಅಥವಾ ಯುಪಿಐ ಮೂಲಕವೇ ಬರಲಿ.

5. ಬಾಡಿಗೆ ಕೊಡ್ತಿಲ್ಲ, ಬೀಗ ಹಾಕಬಹುದಾ?

ಬೇಡ. ಬೀಗ ಹಾಕೋದು, ಕರೆಂಟ್ ತೆಗೆಸೋದು, ಸಾಮಾನು ಹೊರಗೆ ಇಡೋದು ಮಾಡಿದರೆ ತಪ್ಪಿತಸ್ಥರು ನೀವೇ ಆಗ್ತೀರಿ. ತಿಂಗಳ ಬಾಡಿಗೆ ಪದ್ಧತಿಯಲ್ಲಿ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಬಾಡಿಗೆ ಕಾಯ್ದೆ ಅನ್ವಯಿಸುವ ಪಟ್ಟಣಗಳಲ್ಲಿ 14 ಚದರ ಮೀಟರ್‌ವರೆಗಿನ ಸಣ್ಣ ಮಳಿಗೆಗಳಿಗೆ ಬೇರೆ ನಿಯಮವಿದೆ. ನೋಟಿಸ್ ಕಳಿಸುವ ಮುಂಚೆ ವಕೀಲರಿಗೆ ಅಳತೆ ಹೇಳಿ.

6. ಅಡ್ವಾನ್ಸ್ ಎಷ್ಟು ತಗೋಬೇಕು?

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮನೆಗೆ 2 ತಿಂಗಳು, ವಾಸೇತರ ಕಟ್ಟಡಕ್ಕೆ 6 ತಿಂಗಳ ಬಾಡಿಗೆ ಅಂತ ಮಿತಿ ಹೇಳುತ್ತೆ. ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದು ಜಾರಿ, ಆದರೂ ಮಾತುಕತೆಗೆ ಒಳ್ಳೆ ಅಳತೆಗೋಲು. ಭೋಗ್ಯಕ್ಕೆ ಕೊಡುವವರು ಒಂದು ಮಾತು ನೆನಪಿಡಿ. ಬಂದ ಮೂರು ಲಕ್ಷ ಆದಾಯವಲ್ಲ, ವಾಪಸ್ ಕೊಡಬೇಕಾದ ಸಾಲ. ಮದುವೆಗೋ ಬೋರ್‌ವೆಲ್‌ಗೋ ಖರ್ಚು ಮಾಡಿಬಿಟ್ಟರೆ ಬಿಡಿಸಿಕೊಳ್ಳೋಕೆ ಮತ್ತೆ ಸಾಲ ಮಾಡಬೇಕಾಗುತ್ತೆ.

7. ಬಾಡಿಗೆಗೆ ತೆರಿಗೆ ಲೆಕ್ಕ ಹೇಗೆ?

ವರ್ಷಕ್ಕೆ ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆಯಿರಿ, ಉಳಿದದ್ದರಲ್ಲಿ ಶೇ 30 ಕಳೆಯಿರಿ. ಉದಾಹರಣೆಗೆ ಬಾಡಿಗೆ 1,44,000, ಕಂದಾಯ 4,000 ಆದರೆ ಉಳಿಯೋದು 1,40,000. ಅದರಲ್ಲಿ ಶೇ 30 ಅಂದರೆ 42,000 ಹೋಗಿ ಲೆಕ್ಕಕ್ಕೆ ಬರೋದು 98,000. ರಿಪೇರಿ, ಪೇಂಟ್ ಖರ್ಚು ಆ ಶೇ 30ರಲ್ಲೇ ಸೇರಿಹೋಯ್ತು, ಬೇರೆ ತೋರಿಸೋ ಹಾಗಿಲ್ಲ. ಖಾಲಿ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದರೆ ಈ ರಿಯಾಯಿತಿ ಇಲ್ಲ.

8. ಅಂಗಡಿ ಬಾಡಿಗೆಗೆ ಜಿಎಸ್‌ಟಿ ಇದೆಯಾ?

ಸೇವೆಗಳ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಮಾಲೀಕರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ಆದರೆ 2024ರ ಅಕ್ಟೋಬರ್ 10ರಿಂದ ಒಂದು ಬದಲಾವಣೆ ಬಂದಿದೆ. ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲದೆ ಅಂಗಡಿಯವರಿಗೆ ಇದ್ದರೆ, ಬಾಡಿಗೆ ಮೇಲಿನ ಶೇ 18 ತೆರಿಗೆಯನ್ನು ಅಂಗಡಿಯವರೇ ನೇರವಾಗಿ ಕಟ್ಟಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವ ವ್ಯಾಪಾರಿಗಳಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಸಿಕ್ಕಿದೆ. ನೀವು ಯಾವ ಪದ್ಧತಿಯಲ್ಲಿದ್ದೀರಿ ಅಂತ ಲೆಕ್ಕ ಬರೆಯುವವರನ್ನು ಒಮ್ಮೆ ಕೇಳಿ.

9. ಕರೆಂಟ್, ಗೃಹಜ್ಯೋತಿ ಗೊಂದಲ?

ಬಾಡಿಗೆ ಮನೆಯವರಿಗೂ ಗೃಹಜ್ಯೋತಿ ಸಿಗುತ್ತೆ. ಮನೆ ಬಿಡುವಾಗ ಹಳಬರು ಆ ಮೀಟರಿನಿಂದ ತಮ್ಮ ಆಧಾರ್ ಜೋಡಣೆ ತೆಗೆಸಬೇಕು, ಇಲ್ಲದಿದ್ದರೆ ಹೊಸಬರಿಗೆ ತೊಡಕು. ಕೀಲಿ ವಾಪಸ್ ತಗೊಳ್ಳುವ ದಿನವೇ ಇದನ್ನು, ಕೊನೆಯ ಬೆಸ್ಕಾಂ ಬಿಲ್ಲನ್ನು ಮುಗಿಸಿ, ಆಮೇಲೆ ಅಡ್ವಾನ್ಸ್ ಕೊಡಿ. ಮನೆ ಮೀಟರಿನಲ್ಲಿ ಅಂಗಡಿ ನಡೆಸಲು ಬಿಡಬೇಡಿ, ದಂಡ ಬರೋದು ಮೀಟರ್ ಯಾರ ಹೆಸರಲ್ಲಿದೆಯೋ ಅವರಿಗೆ.

10. ಸೈಟು ಕೊಳ್ಳುವಾಗ, ಮಾರುವಾಗ ಏನು ನೋಡಬೇಕು?

ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ಫಾರಂ 9 ಮತ್ತು 11ಎ ಇರಲಿ. 11ಬಿ ಮಾತ್ರ ಇದ್ದರೆ ಬ್ಯಾಂಕ್ ಸಾಲಕ್ಕೆ, ಮರುಮಾರಾಟಕ್ಕೆ ತೊಡಕಾಗಬಹುದು. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ತೋಟ ಕೊಳ್ಳಬಹುದು ನಿಜ, ಆದರೆ ಭೂಪರಿವರ್ತನೆ ಆಗದೆ ತೋಟ ಸೈಟಾಗಲ್ಲ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರಿದ ಬಡಾವಣೆಗೆ ರೇರಾ ನೋಂದಣಿ ಕಡ್ಡಾಯ. ನಂಬರ್ ಇಲ್ಲದೆ ಕರಪತ್ರ ಹಂಚುವಂತೆಯೂ ಇಲ್ಲ. ಕರಪತ್ರದಲ್ಲಿ ರೇರಾ ನಂಬರ್ ಕಾಣದಿದ್ದರೆ ಮುಂಗಡ ಕೊಡುವ ಮುಂಚೆ ಕೇಳಿ. ಹೆದ್ದಾರಿ ಪಕ್ಕದ ಜಾಗವಾದರೆ ರಸ್ತೆಗೆ ಎಷ್ಟು ಹೋಗಿದೆ, ಸರ್ವಿಸ್ ರಸ್ತೆಯಿಂದ ದಾರಿ ಸಿಗುತ್ತಾ ಅಂತ ಸ್ಥಳದಲ್ಲೇ ನಿಂತು ನೋಡಿ.

ಕೊನೆಗೆ ಒಂದು ಮಾತು. ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಮಳಿಗೆಗೆ ಒಂದೊಂದು ಪುಟ ಇಡಿ. ಬಾಡಿಗೆ ಬಂದ ದಿನ, ಕರಾರು ಮುಗಿಯುವ ದಿನ, ಅಡ್ವಾನ್ಸ್, ಕಂದಾಯ, ರಿಪೇರಿ ಎಲ್ಲ ಅದರಲ್ಲೇ ಇರಲಿ. ಎಲ್ಲವೂ ಯಜಮಾನರ ತಲೆಯಲ್ಲೇ ಇದ್ದರೆ, ಅವರು ಆಸ್ಪತ್ರೆ ಸೇರಿದ ದಿನ ಯಾರು ಎಷ್ಟು ಕೊಡಬೇಕು ಅಂತ ಮನೆಯವರಿಗೆ ಗೊತ್ತಾಗಲ್ಲ. ಆ ಪುಸ್ತಕ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿ.