ಮಂಡಿನೋವಿಗೆ ವಿಕಿರಣ: ಶತಮಾನ ದಾಟಿದರೂ ಮುಗಿಯದ ವಾದ

ವಿಕಿರಣ ಎಂದೊಡನೆ ನೆನಪಾಗುವುದು ಹಿರೋಷಿಮಾ, ಚೆರ್ನೋಬಿಲ್. ತಪ್ಪಿದರೆ ಕ್ಯಾನ್ಸರ್ ಆಸ್ಪತ್ರೆ. ಆದರೆ ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರದ ವೃದ್ಧರಿಗೂ ವಿಕಿರಣ ಕೊಡುವ ದೇಶವೊಂದಿದೆ. ಜರ್ಮನಿಯಲ್ಲಿ ಪ್ರತಿ ವರ್ಷ ಸಾವಿರಾರು ಮಂದಿ ಕೀಲುನೋವಿಗೆ, ಹಿಮ್ಮಡಿ ನೋವಿಗೆ ಈ ಚಿಕಿತ್ಸೆ ಪಡೆಯುತ್ತಾರೆ.

ಇದು ಇಂದು ನಿನ್ನೆಯ ಪದ್ಧತಿಯಲ್ಲ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಕಿರಣ ಬಿದ್ದ ಕೀಲುಗಳಲ್ಲಿ ನೋವು ತಗ್ಗುತ್ತದೆಂಬ ವರದಿಗಳು ಆ ಶತಮಾನ ಮುಗಿಯುವ ಮೊದಲೇ ಬಂದವು. ಸಂಧಿವಾತಕ್ಕೆ ಮೊದಲ ಬಾರಿಗೆ ಕಾರ್ಟಿಸೋನ್ ಕೊಟ್ಟದ್ದು 1948ರಲ್ಲಿ. ಅಲ್ಲಿಯವರೆಗೆ ಆಸ್ಪಿರಿನ್ ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಹಾಗಾಗಿ ಕ್ಷ-ಕಿರಣ ಜನಪ್ರಿಯವಾದದ್ದು ಸಹಜವೇ.

ಪೆಟ್ಟು ಬಿದ್ದದ್ದು ಬ್ರಿಟನ್ನಿನಲ್ಲಿ. ಬೆನ್ನುಮೂಳೆಯ ಕೀಲುಗಳು ಬೆಸೆದುಕೊಂಡು ಬೆನ್ನು ಬಾಗಿಹೋಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಗೆ 1935ರಿಂದ 1954ರವರೆಗೆ ಅಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಕ್ಷ-ಕಿರಣ ಚಿಕಿತ್ಸೆ ಪಡೆದಿದ್ದರು. ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಅವರೆಲ್ಲರ ದಾಖಲೆ ಜಾಲಾಡಿದರು. ಇವರಲ್ಲಿ ರಕ್ತದ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚೆಂದು 1957ರ ಅವರ ವರದಿ ಸಾರಿತು. ಬೆನ್ನುಮೂಳೆಯ ಮೇಲೆ ಹಾಯಿಸಿದ ಕಿರಣ ರಕ್ತ ಹುಟ್ಟುವ ಅಸ್ಥಿಮಜ್ಜೆಗೂ ತಾಗಿತ್ತು. ಆ ಬಳಿಕ ಬ್ರಿಟನ್, ಅಮೆರಿಕಗಳಲ್ಲಿ ಈ ಚಿಕಿತ್ಸೆ ಹಿಂದೆ ಸರಿಯಿತು. ಜರ್ಮನಿ ಮಾತ್ರ ಪ್ರಮಾಣವನ್ನು ತಗ್ಗಿಸಿ ಮುಂದುವರಿಸಿತು.

ಎಷ್ಟು ತಗ್ಗಿಸಿತು? ವಿಕಿರಣವನ್ನು ಅಳೆಯುವ ಮಾನ 'ಗ್ರೇ'. ಕ್ಯಾನ್ಸರ್ ಗಡ್ಡೆಗೆ ಒಟ್ಟು 50ರಿಂದ 70 ಗ್ರೇ ಕೊಡುವುದುಂಟು. ಕೀಲಿಗಾದರೆ ಒಂದು ಸಲಕ್ಕೆ ಅರ್ಧದಿಂದ ಒಂದು ಗ್ರೇ, ಆರು ಸಲಕ್ಕೆ ಒಟ್ಟು 3ರಿಂದ 6 ಗ್ರೇ.

ಸೋಜಿಗವೆಂದರೆ, ದೊಡ್ಡ ಪ್ರಮಾಣದಲ್ಲಿ ಉರಿಯೂತವನ್ನು ಹುಟ್ಟಿಸುವ ಕಿರಣವೇ ಸಣ್ಣ ಪ್ರಮಾಣದಲ್ಲಿ ಅದನ್ನು ತಣಿಸುವಂತೆ ಕಾಣುತ್ತದೆ. ಇದಕ್ಕೆ ಕಾರಣ ತಿಳಿಯಲು ಮೃದ್ವಸ್ಥಿಯನ್ನು ನೋಡಬೇಕು. ಮೂಳೆಗಳ ತುದಿಗೆ ಮೆತ್ತೆಯಂತಿರುವ ಇದರಲ್ಲಿ ರಕ್ತನಾಳಗಳಿಲ್ಲ. ಇರುವ ಕೆಲವೇ ಜೀವಕೋಶಗಳು ಕೀಲಿನ ದ್ರವದಿಂದಲೇ ಪೋಷಣೆ ಪಡೆಯುತ್ತವೆ. ಕೀಲಿನ ಒಳಪೊರೆಯಲ್ಲಿ ಉರಿಯೂತವಾದಾಗ ಅಲ್ಲಿನ ಭಕ್ಷಕ ಕೋಶಗಳು ರಾಸಾಯನಿಕ ಸಂದೇಶ ಹೊರಡಿಸುತ್ತವೆ. ಅದನ್ನು ಪಡೆದ ಮೃದ್ವಸ್ಥಿಯ ಕೋಶಗಳು ತಾವೇ ಕಟ್ಟಿದ ಕೊಲಾಜನ್ ಜಾಲವನ್ನು ಕರಗಿಸುವ ಕಿಣ್ವಗಳನ್ನು ಸುರಿಸತೊಡಗುತ್ತವೆ. ಬೇಲಿಯೇ ಹೊಲ ಮೇಯ್ದಂತೆ! ಅಲ್ಪ ವಿಕಿರಣ ತಾಗಿದಾಗ ಭಕ್ಷಕ ಕೋಶಗಳು ಸೂಸುವ ನೈಟ್ರಿಕ್ ಆಕ್ಸೈಡ್ ತಗ್ಗುವುದನ್ನೂ, ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟುವುದು ಕಡಿಮೆಯಾಗುವುದನ್ನೂ ಪ್ರಯೋಗಾಲಯಗಳು ತೋರಿಸಿವೆ. ಹಾಗೆ ಸಂದೇಶವೇ ತಗ್ಗಿದರೆ ಮೃದ್ವಸ್ಥಿಯ ಸವೆತವೂ ತಗ್ಗೀತೆಂಬುದು ತರ್ಕ. ಆದರೆ ಸವೆದುಹೋದದ್ದು ಇದರಿಂದ ಮತ್ತೆ ಬೆಳೆಯುವುದಿಲ್ಲ.

ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯನ ಮಂಡಿಯಲ್ಲಿ ಕಾಣಬೇಕಲ್ಲ? ನೆದರ್‌ಲ್ಯಾಂಡ್ಸ್‌ನ ವೈದ್ಯರು 55 ಮಂಡಿನೋವಿನ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಕಿರಣ ಕೊಟ್ಟರು. ಉಳಿದವರನ್ನು ಯಂತ್ರದಡಿ ಮಲಗಿಸಿದರೂ ಕಿರಣ ಹಾಯಿಸಲಿಲ್ಲ. ಮೂರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇಕಡಾ 44, ಎರಡನೆಯದರಲ್ಲಿ ಶೇಕಡಾ 43 ಮಂದಿಗೆ ಗುಣ ಕಂಡಿತ್ತು! 2019ರಲ್ಲಿ ಪ್ರಕಟವಾದ ಈ ಫಲಿತಾಂಶ ಹಲವರ ಉತ್ಸಾಹಕ್ಕೆ ತಣ್ಣೀರೆರಚಿತು. ಆದರೆ 2025ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು 114 ರೋಗಿಗಳ ಮೇಲಿನ ಇಂಥದೇ ಪರೀಕ್ಷೆಯ ಫಲಿತಾಂಶ ಮುಂದಿಟ್ಟರು. ನಾಲ್ಕು ತಿಂಗಳ ಬಳಿಕ, ಒಟ್ಟು 3 ಗ್ರೇ ಪಡೆದವರಲ್ಲಿ ಶೇಕಡಾ 70, ಹುಸಿ ಚಿಕಿತ್ಸೆಯವರಲ್ಲಿ ಶೇಕಡಾ 42 ಮಂದಿ ಸುಧಾರಿಸಿದ್ದರು. ಹೀಗೆ ವಾದ ಮತ್ತೆ ತೆರೆದುಕೊಂಡಿದೆ.

ಎರಡೂ ಪರೀಕ್ಷೆಗಳು ಒಪ್ಪುವ ಮಾತೊಂದಿದೆ. ಕಿರಣವೇ ತಾಗದ ಹತ್ತರಲ್ಲಿ ನಾಲ್ವರಿಗೂ ನೋವು ಇಳಿದಿತ್ತು. 'ನನಗೆ ಗುಣವಾಯಿತು' ಎಂಬ ರೋಗಿಯ ಮಾತು ಸುಳ್ಳಲ್ಲ. ಆದರೆ ಗುಣ ಮಾಡಿದ್ದು ಕಿರಣವೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಕ್ಯಾನ್ಸರಿನ ಅಪಾಯವನ್ನೂ ವಯಸ್ಸು ನೋಡಿಯೇ ತೂಗಬೇಕಾಗುತ್ತದೆ. ಎಪ್ಪತ್ತರ ಅಜ್ಜಿಗೆ ಒಪ್ಪಬಹುದಾದ ಲೆಕ್ಕ ಮೂವತ್ತರ ಯುವಕನಿಗೆ ಒಪ್ಪದು. ಬೆನ್ನುನೋವು ನೀಗಿದರೆ ಸಾಕೆಂದು ಯಂತ್ರದಡಿ ಮಲಗಿದ ಆ ಹದಿಮೂರು ಸಾವಿರ ಜನರಿಗೆ ಈ ಲೆಕ್ಕವನ್ನು ಹೇಳಬಲ್ಲವರು ಅಂದು ಯಾರೂ ಇರಲಿಲ್ಲ.