ಥೈರಾಯ್ಡ್ ಕಾಯಿಲೆ ಮತ್ತು ಮಾನಸಿಕ ಒತ್ತಡ

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಹೆಚ್ಚಾದರೆ ಎದೆಬಡಿತ, ಕೈನಡುಕ, ಸಿಡುಕು, ನಿದ್ದೆಗೇಡು. ಕಡಿಮೆಯಾದರೆ ಸುಸ್ತು, ಮಂಕು, ಮರೆವು. ಆತಂಕ, ಖಿನ್ನತೆಗಳ ಲಕ್ಷಣಗಳೂ ಬಹುಮಟ್ಟಿಗೆ ಇವೇ. ಹಾಗಾಗಿ ರೋಗಿಯ ಸಂಕಟದಲ್ಲಿ ಗ್ರಂಥಿಯ ಪಾಲೆಷ್ಟು, ಬದುಕಿನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಒತ್ತಡದಿಂದಲೇ ಕಾಯಿಲೆ ಬರುತ್ತದೆಯೆ ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಬಾತ್ ನಗರದ ವೈದ್ಯ ಕ್ಯಾಲೆಬ್ ಪ್ಯಾರಿಯ ಮರಣಾನಂತರ, 1825ರಲ್ಲಿ ಪ್ರಕಟವಾದ ಬರಹದಲ್ಲಿ 21 ವರ್ಷದ ಯುವತಿಯೊಬ್ಬಳ ವಿವರವಿದೆ. ಇಳಿಜಾರಿನಲ್ಲಿ ಗಾಲಿಕುರ್ಚಿಯಿಂದ ಉರುಳಿಬಿದ್ದ ಆಕೆಗೆ ಪೆಟ್ಟಾದದ್ದು ಕಡಿಮೆ, ಬೆದರಿದ್ದು ಹೆಚ್ಚು. ಅಂದಿನಿಂದ ಎದೆಬಡಿತ ಶುರುವಾಗಿ, ಸುಮಾರು ಎರಡು ವಾರದಲ್ಲಿ ಕೊರಳು ಊದಿತು. ಹಾರ್ಮೋನು ಹೆಚ್ಚಿಸುವ ಈ ಕಾಯಿಲೆಗೆ ಮುಂದೆ ಹೆಸರು ಬಂದದ್ದು ಮಾತ್ರ 1835ರಲ್ಲಿ ಅದನ್ನು ವರ್ಣಿಸಿದ ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್‌ನಿಂದ. 1991ರ ಸ್ವೀಡನ್ ಅಧ್ಯಯನವೊಂದರಲ್ಲಿ, ಗ್ರೇವ್ಸ್ ಕಾಯಿಲೆ ಹೊಸದಾಗಿ ಪತ್ತೆಯಾದ 208 ಮಂದಿ ಹಿಂದಿನ ಒಂದು ವರ್ಷದಲ್ಲಿ ಇತರರಿಗಿಂತ ಹೆಚ್ಚು ಕಹಿ ಘಟನೆಗಳನ್ನು ಕಂಡಿದ್ದರು. ಆದರೆ ನೆನಪನ್ನು ನಂಬಿದ ಇಂಥ ಅಧ್ಯಯನಗಳಿಂದ ಕಾರಣ ಸಿದ್ಧವಾಗದು. ಪತ್ತೆಯಾಗುವ ಮೊದಲೇ ಒಳಗೆ ಬೆಳೆದ ಕಾಯಿಲೆಯೇ ಮನೆಯ ಜಗಳಕ್ಕೆ ಮೂಲವಾಗಿರಬಹುದು. ಹಾರ್ಮೋನನ್ನು ಕುಗ್ಗಿಸುವ ಹಾಶಿಮೊಟೊ ಕಾಯಿಲೆಯ ವಿಷಯದಲ್ಲಂತೂ ಸಾಕ್ಷ್ಯ ಇನ್ನೂ ದುರ್ಬಲ.

ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಒತ್ತಡ ನಿಭಾಯಿಸುವ ಕ್ರಮಗಳನ್ನು ಎರಡಾಗಿ ವಿಂಗಡಿಸಿದರು: ಸಮಸ್ಯೆಯನ್ನೇ ಸರಿಪಡಿಸುವುದು, ಸಮಸ್ಯೆ ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು. ಥೈರಾಯ್ಡ್ ರೋಗಿಗೆ ಮೊದಲನೆಯದೇ ಮುಖ್ಯ. ಹಾರ್ಮೋನು ಏರುಪೇರಾಗಿರುವಾಗ ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಮನೆಯವರ ಬುದ್ಧಿವಾದ ನಿರುಪಯೋಗಿ, ಕೆಲವೊಮ್ಮೆ ಕ್ರೂರ. ಹಾರ್ಮೋನು ಕಡಿಮೆಯಿರುವವರು ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಪ್ರಮಾಣ ಬದಲಿಸಿದರೆ ಅದರ ಪೂರ್ಣ ಫಲ ರಕ್ತಪರೀಕ್ಷೆಯಲ್ಲಿ ಕಾಣಲು 6ರಿಂದ 8 ವಾರ ಬೇಕು. ಈ ಕಾಯುವಿಕೆಯೇ ಹಲವರನ್ನು ಹತಾಶರಾಗಿಸುತ್ತದೆ. ವೈದ್ಯರು ಇದನ್ನು ಮುಂಚೆಯೇ ಹೇಳಿಟ್ಟರೆ ಅರ್ಧ ಚಿಂತೆ ಇಳಿದೀತು. ಹಾರ್ಮೋನು ಅಧಿಕವಾಗಿರುವವರ ನಡುಕ, ಎದೆಬಡಿತವನ್ನು ಪ್ರೊಪ್ರನೊಲಾಲ್ ಎಂಬ ಔಷಧಿ ಬೇಗ ತಗ್ಗಿಸುತ್ತದೆ.

ನಿದ್ದೆ, ನಡಿಗೆ, ಪ್ರಾಣಾಯಾಮ, ಆಪ್ತಸಮಾಲೋಚನೆ ಭಾವನೆಯನ್ನು ಸಂಭಾಳಿಸುವ ಎರಡನೆಯ ಬಗೆಯವು. ಔಷಧಿಗೆ ಜೊತೆಯಾದಾವು, ಬದಲಿಯಾಗವು. ಧೂಮಪಾನದಿಂದ ಗ್ರೇವ್ಸ್ ರೋಗಿಗಳ ಕಣ್ಣಿನ ತೊಂದರೆ ಉಲ್ಬಣಿಸುತ್ತದೆ. ಒತ್ತಡ ನಿವಾರಕವೆಂದು ಸೇವಿಸುವ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದಾದ್ದರಿಂದ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಹಾರ್ಮೋನು ಸಮಸ್ಥಿತಿಗೆ ಬಂದ ಮೇಲೂ ಉಳಿಯುವ ಖಿನ್ನತೆಗೆ ಪ್ರತ್ಯೇಕ ಚಿಕಿತ್ಸೆ ಅಗತ್ಯ.